ಕಾವಲಿಗೆ ಕುಳಿತವರ ಕಣ್ಣು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಯ ನೂರನೆಯ ವರ್ಷದ ಸಂಭ್ರಮದಲ್ಲಿ ಕಂಪನಿಗಳ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಸಮಿತಿಯವರು ನನ್ನನ್ನು ಆಹ್ವಾನಿಸಿದಾಗ, "ನೀವು ಮೂರು ದಶಕ ಲೆಕ್ಕಪತ್ರಗಳ ನಡುವೆ ಕಳೆದವರು, ನಿಮಗೆ ಗೊತ್ತಿರುವ ವಿಷಯವನ್ನೇ ಹೇಳಿ" ಎಂದರು. ನನಗೆ ಗೊತ್ತಿರುವ ವಿಷಯ ಒಂದೇ. ಸಂಸ್ಥೆಯನ್ನು ನಡೆಸುವವರು ಒಬ್ಬರಾದರೆ, ಅವರು ನೆಟ್ಟಗೆ ನಡೆಸುತ್ತಿದ್ದಾರೆಯೇ ಎಂದು ನೋಡುವವರು ಇನ್ನೊಬ್ಬರಿರಬೇಕು. ಆ ನೋಡುವವರ ಕಣ್ಣು ತೆರೆದಿರುವವರೆಗೆ ಮಾತ್ರ ಸಂಸ್ಥೆಗೆ ಆಯುಷ್ಯ. ದೊಡ್ಡ ತಂತ್ರಜ್ಞಾನ ಕಂಪನಿಗಳು ಕಷ್ಟಕ್ಕೆ ಸಿಲುಕಿದಾಗ ಅವುಗಳ ಮೇಲ್ವಿಚಾರಣಾ ಮಂಡಳಿಗಳು ಏನು ಮಾಡಿದವು, ಏನು ಮಾಡದೆ ಹೋದವು ಎಂಬುದನ್ನು ಇಂದು ಮೂರು ನಿದರ್ಶನಗಳ ಮೂಲಕ ತಮ್ಮ ಮುಂದಿಡುತ್ತೇನೆ. ಅದು ನಮ್ಮ ಶಾಲೆಗೂ ಸಂಬಂಧಿಸಿದ ಮಾತು ಹೇಗೆಂಬುದು ಕೊನೆಯಲ್ಲಿ ತಮಗೇ ಹೊಳೆದೀತು.

ನಮ್ಮದು ಮಳೆ ಕಡಿಮೆಯಾದ ಸೀಮೆ. ಕೆರೆಯ ಬೆಲೆ ನಮಗೆ ಗೊತ್ತು. ಕೆರೆಯ ತೂಬು ಎತ್ತುವವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಅವನ ಕಸುಬು. ಊರ ಹಿರಿಯರು ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡು ತಾವೇ ನೀರು ಹಾಯಿಸಲು ಹೊರಟರೆ ಬೆಳೆ ಕೆಡುತ್ತದೆ. ಹಾಗೆಂದು ಅವನು ಹೇಳಿದ್ದನ್ನೇ ನಂಬಿ ಚಾವಡಿಯಲ್ಲಿ ಕುಳಿತರೂ ಬೆಳೆ ಕೆಡುತ್ತದೆ. ಹಿರಿಯರ ಕೆಲಸ ಏರಿಯ ಮೇಲೆ ನಡೆದು ನೋಡುವುದು: ಕೊನೆಯ ಗದ್ದೆಗೆ ನೀರು ತಲಪಿದೆಯೇ, ಏರಿ ಎಲ್ಲಾದರೂ ಜಿನುಗುತ್ತಿದೆಯೇ ಎಂದು ತಮ್ಮ ಕಣ್ಣಾರೆ ಕಾಣುವುದು. ಮೇಲ್ವಿಚಾರಣೆ ಎಂಬ ದೊಡ್ಡ ಮಾತಿನ ಒಳಗಿರುವುದು ಇಷ್ಟೇ.

ಈ ಭೇದವನ್ನು ಕಾನೂನಿನಲ್ಲಿಯೇ ಬರೆದಿಟ್ಟ ದೇಶ ಜರ್ಮನಿ. ಅಲ್ಲಿಯ ದೊಡ್ಡ ಷೇರು ಕಂಪನಿಗಳಿಗೆ ಎರಡು ಮಂಡಳಿಗಳು. ದಿನನಿತ್ಯದ ವ್ಯವಹಾರ ನಡೆಸುವುದು ಕಾರ್ಯನಿರ್ವಾಹಕ ಮಂಡಳಿ. ಆ ಮಂಡಳಿಯವರನ್ನು ನೇಮಿಸುವುದು, ಅವರ ಲೆಕ್ಕ ನೋಡುವುದು, ದಾರಿ ತಪ್ಪಿದರೆ ತೆಗೆದುಹಾಕುವುದು ಮೇಲ್ವಿಚಾರಣಾ ಮಂಡಳಿ. ಒಬ್ಬನೇ ವ್ಯಕ್ತಿ ಏಕಕಾಲದಲ್ಲಿ ಎರಡರಲ್ಲಿಯೂ ಇರುವಂತಿಲ್ಲ. 1976ರ ಕಾನೂನಿನಂತೆ 2,000ಕ್ಕಿಂತ ಹೆಚ್ಚು ನೌಕರರುಳ್ಳ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಸ್ಥಾನ ನೌಕರರ ಪ್ರತಿನಿಧಿಗಳಿಗೆ ಸಲ್ಲಬೇಕು. ಎರಡೂ ಕಡೆ ಮತ ಸಮವಾದರೆ ಅಧ್ಯಕ್ಷರಿಗೆ ಇನ್ನೊಂದು ಮತವುಂಟು. ನಮ್ಮ ದೇಶದಲ್ಲಿ ಹೀಗಿಲ್ಲ. ಇಲ್ಲಿ ಒಂದೇ ನಿರ್ದೇಶಕ ಮಂಡಳಿ. ಅದರೊಳಗೆ ಕಂಪನಿ ನಡೆಸುವವರೂ ಇರುತ್ತಾರೆ, ಅವರನ್ನು ಗಮನಿಸಬೇಕಾದ ಸ್ವತಂತ್ರ ನಿರ್ದೇಶಕರೂ ಇರುತ್ತಾರೆ. ಏರ್ಪಾಡು ಬೇರೆಯಾದರೂ ಹೊಣೆ ಒಂದೇ.

ಮೊದಲನೆಯ ನಿದರ್ಶನ ಸೀಮೆನ್ಸ್. 1847ರಲ್ಲಿ ಬರ್ಲಿನ್ನಿನಲ್ಲಿ ತಂತಿ ಸಮಾಚಾರದ ಯಂತ್ರಗಳಿಂದ ಆರಂಭಗೊಂಡು ವಿದ್ಯುತ್ತು, ದೂರವಾಣಿ, ರೈಲು, ವೈದ್ಯಕೀಯ ಉಪಕರಣಗಳವರೆಗೆ ಬೆಳೆದ ಸಂಸ್ಥೆಯದು. 2006ರ ನವೆಂಬರ್ 15ರಂದು ಮ್ಯೂನಿಕ್ ನಗರದ ಸರ್ಕಾರಿ ಅಭಿಯೋಜಕರು ಪೊಲೀಸರೊಡನೆ ಅದರ ಕಚೇರಿಗಳ ಮೇಲೆ ದಾಳಿ ಮಾಡಿದರು. ಅನೇಕ ದೇಶಗಳಲ್ಲಿ ಗುತ್ತಿಗೆ ಪಡೆಯಲು ಗುಪ್ತ ಖಾತೆಗಳಿಂದ ಲಂಚ ಹರಿದಿತ್ತೆಂಬುದು ಹೊರಬಿದ್ದಿತು.

ಆಗ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರಾಗಿದ್ದವರು ಹೈನ್ರಿಖ್ ಫಾನ್ ಪಿಯರರ್. 1992ರಿಂದ 2005ರವರೆಗೆ ಅದೇ ಕಂಪನಿಯ ಮುಖ್ಯ ಕಾರ್ಯನಿರ್ವಾಹಕರಾಗಿದ್ದವರೂ ಅವರೇ. ತನಿಖೆಯಾಗಬೇಕಾದದ್ದು ಬಹುಪಾಲು ಅವರು ಆಳಿದ ಕಾಲ; ತನಿಖೆ ಮಾಡಿಸಬೇಕಾದ ಮಂಡಳಿಯ ತಲೆಯ ಮೇಲೆಯೂ ಅವರೇ. ಅವರು ಸ್ವತಃ ತಪ್ಪು ಮಾಡಿದ್ದರೇ ಇಲ್ಲವೇ ಎಂಬುದು ಇಲ್ಲಿ ಎರಡನೆಯ ಮಾತು. ತನ್ನ ಪರೀಕ್ಷೆಯ ಉತ್ತರಪತ್ರಿಕೆಯನ್ನು ತಾನೇ ತಿದ್ದುವವನ ಅಂಕವನ್ನು ಯಾರು ನಂಬುತ್ತಾರೆ? 2007ರ ಏಪ್ರಿಲ್‌ನಲ್ಲಿ, ತಮ್ಮಿಂದ ಯಾವ ತಪ್ಪೂ ಆಗಿಲ್ಲವೆಂದು ಹೇಳುತ್ತಲೇ, ಅವರು ಸ್ಥಾನ ಬಿಟ್ಟರು. ಗೆರ್ಹಾರ್ಡ್ ಕ್ರೊಮ್ಮೆ ಅಧ್ಯಕ್ಷರಾದರು. ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಕ್ಲೌಸ್ ಕ್ಲೈನ್‌ಫೆಲ್ಡ್ ಅವರ ಅವಧಿಯನ್ನು ಮುಂದುವರಿಸಲು ಮಂಡಳಿ ಆ ಗಳಿಗೆಯಲ್ಲಿ ಒಪ್ಪದಿದ್ದುದರಿಂದ ಅವರೂ ಹೊರನಡೆದರು. ಜುಲೈ 1ರಿಂದ ಪೀಟರ್ ಲೋಷರ್ ಬಂದರು. ಆ ಸಂಸ್ಥೆಯ ಇತಿಹಾಸದಲ್ಲಿ ಹೊರಗಿನಿಂದ ಬಂದ ಮೊದಲ ಮುಖ್ಯಸ್ಥರು ಅವರು.

ಹೊಸ ಅಧ್ಯಕ್ಷರ ಕಾಲದಲ್ಲಿ ನಡೆದ ಎರಡು ಕೆಲಸಗಳನ್ನು ತಾವು ನೆನಪಿನಲ್ಲಿಡಬೇಕು. ತನಿಖೆ ನಡೆಸುತ್ತಿದ್ದ ಅಮೆರಿಕದ ವಕೀಲರ ಸಂಸ್ಥೆ ವರದಿ ಒಪ್ಪಿಸುತ್ತಿದ್ದದ್ದು ಕಾರ್ಯನಿರ್ವಾಹಕರಿಗಲ್ಲ, ಮೇಲ್ವಿಚಾರಣಾ ಮಂಡಳಿಯ ಸಮಿತಿಗೆ. ಮೇಲಾಗಿ, ತಮಗೆ ತಿಳಿದುದನ್ನು ನಿಗದಿತ ಅವಧಿಯೊಳಗೆ ತಾವಾಗಿ ಬಂದು ಹೇಳುವ ನೌಕರರಿಗೆ ಕ್ಷಮೆಯ ಅವಕಾಶ ಕಲ್ಪಿಸಲಾಯಿತು. ಆದರೆ ಉನ್ನತ ಅಧಿಕಾರಿಗಳಿಗೆ ಆ ಅವಕಾಶವಿರಲಿಲ್ಲ. ಬಾಯಿ ಕಟ್ಟಿಕೊಂಡಿದ್ದ ಕೆಳಗಿನವರು ಮಾತನಾಡತೊಡಗಿದ ಮೇಲೆಯೇ ಮೇಲಿನ ಗಂಟುಗಳು ಬಿಚ್ಚಿಕೊಂಡವು. 2008ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತು ಜರ್ಮನಿಯ ಅಧಿಕಾರಿಗಳೊಡನೆ ಒಪ್ಪಂದವಾಗಿ, ಒಟ್ಟು ಸುಮಾರು 160 ಕೋಟಿ ಡಾಲರ್ ದಂಡ ತೆರಬೇಕಾಯಿತು. ಮುಂದೆ ಕಂಪನಿ ತನ್ನ ಹಿಂದಿನ ಮುಖ್ಯಸ್ಥರಿಂದಲೇ ಪರಿಹಾರ ಕೇಳಿತು. ಫಾನ್ ಪಿಯರರ್ 50 ಲಕ್ಷ ಯೂರೋ ಕೊಡಲು ಒಪ್ಪಿದರು. ಸೀಮೆನ್ಸ್ ಇಂದಿಗೂ ಇದೆ. ಮಂಡಳಿ ಎಚ್ಚೆತ್ತದ್ದು ತಡವಾಗಿ, ನಿಜ. ಎಚ್ಚೆತ್ತ ಮೇಲೆ ಮಾತ್ರ ದಾಕ್ಷಿಣ್ಯಕ್ಕೆ ಎಡೆಗೊಡಲಿಲ್ಲ.

ಎರಡನೆಯ ನಿದರ್ಶನವೂ ಜರ್ಮನಿಯದೇ. ಆದರೆ ಕಥೆ ತಿರುವುಮುರುವು. ಮ್ಯೂನಿಕ್ ಹತ್ತಿರದ ಆಶ್‌ಹೈಮ್‌ನಲ್ಲಿ ವೈರ್‌ಕಾರ್ಡ್ ಎಂಬ ಹಣಪಾವತಿಯ ತಂತ್ರಜ್ಞಾನ ಕಂಪನಿಯಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಅದು ಆ ದೇಶದ ಅತಿ ದೊಡ್ಡ 30 ಕಂಪನಿಗಳ ಷೇರು ಸೂಚ್ಯಂಕದೊಳಗೆ ಸೇರಿತು. ಹೊರಗೆ ಹೊಗಳಿಕೆಯ ಸುರಿಮಳೆ. ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಅದರ ಲೆಕ್ಕಗಳ ಬಗ್ಗೆ ವರ್ಷಗಟ್ಟಲೆ ಪ್ರಶ್ನೆ ಎತ್ತಿದರೂ, ಜರ್ಮನಿಯ ಹಣಕಾಸು ನಿಯಂತ್ರಕರು 2019ರಲ್ಲಿ ಆ ಪತ್ರಕರ್ತರ ಮೇಲೆಯೇ ದೂರು ಕೊಟ್ಟರು.

ಇಷ್ಟು ದೊಡ್ಡ ಕಂಪನಿಯ ಮೇಲ್ವಿಚಾರಣಾ ಮಂಡಳಿ ಅದರ ಗಾತ್ರಕ್ಕೆ ತಕ್ಕಂತೆ ಬೆಳೆದಿರಲೇ ಇಲ್ಲ. ಲೆಕ್ಕ ಪರಿಶೀಲನೆಗೆಂದೇ ಒಂದು ಸಮಿತಿ ರಚನೆಯಾದದ್ದು 2019ರಲ್ಲಿ. ಅದಕ್ಕೂ ಮೊದಲು, 2017ರ ಕೊನೆಯಲ್ಲಿ, ಒಬ್ಬ ಸದಸ್ಯೆ ಕಂಪನಿಯ ಆಡಳಿತರೀತಿಯನ್ನು ಆಕ್ಷೇಪಿಸಿ ಪತ್ರ ಬರೆದು ಮಂಡಳಿಯಿಂದ ಹೊರನಡೆದಿದ್ದರು. ಆ ಪತ್ರವನ್ನು ಎಚ್ಚರಿಕೆಯ ಗಂಟೆಯೆಂದು ಯಾರೂ ಕೇಳಿಸಿಕೊಳ್ಳಲಿಲ್ಲ. ಒತ್ತಡ ಹೆಚ್ಚಿ, 2019ರ ಅಕ್ಟೋಬರ್‌ನಲ್ಲಿ ಕೆಪಿಎಂಜಿ ಸಂಸ್ಥೆಯಿಂದ ವಿಶೇಷ ಪರಿಶೋಧನೆ ಮಾಡಿಸಲು ನಿರ್ಧಾರವಾಯಿತು. 2020ರ ಏಪ್ರಿಲ್ ಕೊನೆಗೆ ಬಂದ ವರದಿಯ ಸಾರ ಸರಳ: ಹೊರಗಿನ ಪಾಲುದಾರರ ಮೂಲಕ ಬಂದಿದೆಯೆನ್ನಲಾದ ಆದಾಯಕ್ಕೆ ಸಾಕಷ್ಟು ದಾಖಲೆ ಸಿಗುತ್ತಿಲ್ಲ. ಜೂನ್‌ನಲ್ಲಿ ಗುಟ್ಟು ರಟ್ಟಾಯಿತು. ಫಿಲಿಪ್ಪೀನ್ಸಿನ ಎರಡು ಬ್ಯಾಂಕುಗಳಲ್ಲಿ ಇದೆಯೆಂದಿದ್ದ 190 ಕೋಟಿ ಯೂರೋ ಎಲ್ಲಿಯೂ ಇರಲಿಲ್ಲ. ಈ ಕಂಪನಿ ತಮ್ಮ ಗ್ರಾಹಕರೇ ಅಲ್ಲ, ತೋರಿಸಿದ ಕಾಗದಗಳು ಖೊಟ್ಟಿ ಎಂದು ಆ ಬ್ಯಾಂಕುಗಳು ಹೇಳಿದವು. ಜೂನ್ 25ರಂದು ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಅದಾದ ಮೇಲೆ, 2021ರಲ್ಲಿ, ಇಂಥ ಕಂಪನಿಗಳ ಮೇಲ್ವಿಚಾರಣಾ ಮಂಡಳಿಗೆ ಲೆಕ್ಕಪರಿಶೋಧನಾ ಸಮಿತಿ ಕಡ್ಡಾಯವೆಂಬ ಕಾನೂನು ಬಂದಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಆದರೂ ಮುಂದಿನ ಊರಿಗೆ ಆ ಬಾಗಿಲು ಬೇಕೇ ಬೇಕು.

ಮೂರನೆಯದು ದೂರದ ಮಾತಲ್ಲ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಇತ್ತ ಉಳಿದವಷ್ಟೇ. ಅಂದಿನಿಂದ ನಮ್ಮ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು; ಓದು ಮುಗಿಸಿದ ಮಕ್ಕಳು ಕೆಲಸ ಹುಡುಕಿಕೊಂಡು ಹೋಗುವುದು ಬೆಂಗಳೂರಿಗೆ, ಇಲ್ಲವೇ ಹೈದರಾಬಾದಿಗೆ. ಸತ್ಯಂನಲ್ಲಿ ಕೆಲಸ ಸಿಕ್ಕಿತೆಂದರೆ ಒಂದು ಕಾಲಕ್ಕೆ ಮನೆಮಂದಿಯೆಲ್ಲ ಹಿಗ್ಗುತ್ತಿದ್ದರು.

1987ರಲ್ಲಿ ಬಿ. ರಾಮಲಿಂಗರಾಜು ಸ್ಥಾಪಿಸಿದ ಈ ಕಂಪನಿಯಲ್ಲಿ 2008ರ ಹೊತ್ತಿಗೆ 50,000ಕ್ಕೂ ಹೆಚ್ಚು ನೌಕರರಿದ್ದಾರೆಂದು ಹೇಳಲಾಗುತ್ತಿತ್ತು. ಅದರ ನಿರ್ದೇಶಕ ಮಂಡಳಿಯಲ್ಲಿ ಕುಳಿತಿದ್ದವರು ಸಾಮಾನ್ಯರಲ್ಲ. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಕೇಂದ್ರ ಸರ್ಕಾರದ ಸಂಪುಟ ಕಾರ್ಯದರ್ಶಿಯಾಗಿ ನಿವೃತ್ತರಾದವರು, ವ್ಯವಹಾರ ನಿರ್ವಹಣೆಯನ್ನು ಕಲಿಸುವ ಪ್ರಸಿದ್ಧ ಸಂಸ್ಥೆಯ ಮುಖ್ಯಸ್ಥರು ಅಲ್ಲಿದ್ದರು. ಅದೇ ವರ್ಷ ಉತ್ತಮ ಆಡಳಿತಕ್ಕಾಗಿ ಕಂಪನಿಗೆ ಪ್ರಶಸ್ತಿಯೂ ಬಂದಿತ್ತು; ಆ ಪ್ರಶಸ್ತಿಯನ್ನು ಆಮೇಲೆ ಹಿಂದಕ್ಕೆ ಪಡೆಯಬೇಕಾಯಿತು.

2008ರ ಡಿಸೆಂಬರ್ 16ರಂದು ಮಂಡಳಿಯ ಮುಂದೆ ಒಂದು ಪ್ರಸ್ತಾಪ ಬಂದಿತು. ರಾಜು ಅವರ ಕುಟುಂಬಕ್ಕೆ ಸೇರಿದ ಮೇತಾಸ್ ಹೆಸರಿನ ಎರಡು ಕಟ್ಟಡ ಮತ್ತು ಭೂಮಿ ವ್ಯವಹಾರದ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಸತ್ಯಂ ಕೊಳ್ಳಬೇಕೆಂಬುದೇ ಆ ಪ್ರಸ್ತಾಪ. ಸತ್ಯಂ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದರೆ ಬರುವ ಹೆಸರೇ ಮೇತಾಸ್. ಕಂಪ್ಯೂಟರ್ ಕೆಲಸದ ಕಂಪನಿಗೆ ಭೂಮಿಯ ವ್ಯಾಪಾರವೇಕೆ, ಕೊಳ್ಳುವವರೂ ಮಾರುವವರೂ ಒಂದೇ ಮನೆಯವರಾದಾಗ ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆಗಳು ಎಂಥವರಿಗೂ ಹೊಳೆಯುವಂಥವು. ಆದರೂ ಮಂಡಳಿ ಒಪ್ಪಿಗೆ ನೀಡಿತು. ಷೇರುದಾರರು ಸಿಡಿದೆದ್ದರು. ಕೆಲವೇ ಗಂಟೆಗಳಲ್ಲಿ ಪ್ರಸ್ತಾಪವನ್ನು ಕೈಬಿಡಬೇಕಾಯಿತು. ಆ ತಿಂಗಳು ಮುಗಿಯುವುದರೊಳಗೆ ನಾಲ್ವರು ಸ್ವತಂತ್ರ ನಿರ್ದೇಶಕರು ರಾಜೀನಾಮೆ ಕೊಟ್ಟರು.

2009ರ ಜನವರಿ 7ರಂದು ರಾಮಲಿಂಗರಾಜು ಮಂಡಳಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡರು. ಅದರಲ್ಲಿದ್ದ ಅಂಕಿಗಳು ನೆನಪಿಡತಕ್ಕವು. ಹಿಂದಿನ ಸೆಪ್ಟೆಂಬರ್ ಕೊನೆಗೆ ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಇಲ್ಲದ ಠೇವಣಿಯ ಮೇಲೆ ಬರಬೇಕಾದ ಬಡ್ಡಿಯೆಂದು 376 ಕೋಟಿ. ಪುಸ್ತಕಕ್ಕೆ ಏರಿಸದ ಸಾಲ 1,230 ಕೋಟಿ. ಗ್ರಾಹಕರಿಂದ ಬರಬೇಕಾದ ಬಾಕಿಯಲ್ಲಿ ಉಬ್ಬಿಸಿದ್ದು 490 ಕೋಟಿ. ಎಲ್ಲ ಸೇರಿ 7,136 ಕೋಟಿ. ಆ ಮೂರು ತಿಂಗಳಲ್ಲಿ ಕಾರ್ಯಾಚರಣೆಯ ಲಾಭ 649 ಕೋಟಿ ಎಂದು ತೋರಿಸಿದ್ದರು. ನಿಜವಾಗಿ ಬಂದದ್ದು 61 ಕೋಟಿ. ಮೊದಲು ಸಣ್ಣದಾಗಿದ್ದ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯಿತು, ಹುಲಿಯ ಬೆನ್ನೇರಿದವನಿಗೆ ಇಳಿಯುವ ದಾರಿ ಕಾಣದ ಹಾಗಾಯಿತು ಎಂಬುದು ಅವರು ಕೊಟ್ಟ ಸಮಜಾಯಿಷಿ. ಮೇತಾಸ್ ಕೊಳ್ಳುವ ಯತ್ನ ಕೂಡ ಇಲ್ಲದ ಹಣದ ಜಾಗಕ್ಕೆ ಇರುವ ಆಸ್ತಿಯನ್ನು ತಂದಿಡುವ ಕೊನೆಯ ಉಪಾಯವಾಗಿತ್ತು.

ಇದು ಹೇಗೆ ಸಾಧ್ಯವಾಯಿತು? ಮುಂದೆ ಅಮೆರಿಕದ ಷೇರು ನಿಯಂತ್ರಕರು ಕಂಡುಕೊಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಬ್ಯಾಂಕಿನಲ್ಲಿ ಹಣವಿದೆಯೇ ಎಂದು ಲೆಕ್ಕಪರಿಶೋಧಕರು ನೇರವಾಗಿ ಬ್ಯಾಂಕಿಗೆ ಬರೆದು, ಉತ್ತರವನ್ನು ನೇರವಾಗಿ ತಮ್ಮ ಕೈಗೆ ತರಿಸಿಕೊಳ್ಳಬೇಕು. ಇಲ್ಲಿ ಆ ಕೆಲಸವನ್ನು ಕಂಪನಿಯ ಆಡಳಿತದವರ ಕೈಗೇ ಬಿಟ್ಟುಕೊಡಲಾಗಿತ್ತು. ಯಾರ ಲೆಕ್ಕವನ್ನು ಪರೀಕ್ಷಿಸಬೇಕೋ ಅವರೇ ಸಾಕ್ಷಿ ತಂದು ಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದಿತೆಂದು ನಾವು ಗಾದೆ ಹೇಳುತ್ತೇವೆ. ಸತ್ಯಂನಲ್ಲಿ ಬೇಲಿ ಮೇಯಲಿಲ್ಲ. ಅದು ಅಂದವಾಗಿ ನಿಂತಿತ್ತು, ನಡುವಿನ ಗಂಡಿಯನ್ನು ಯಾರೂ ನೋಡಲಿಲ್ಲ.

ಆದರೆ ಸತ್ಯಂನ ಕಥೆಯ ಎರಡನೆಯ ಭಾಗ ಮೊದಲನೆಯದಕ್ಕಿಂತ ದೊಡ್ಡ ಪಾಠ. ಜನವರಿ 9ರಂದು ಕೇಂದ್ರ ಸರ್ಕಾರ ಕಂಪನಿ ಕಾನೂನು ಮಂಡಳಿಯ ಅಪ್ಪಣೆ ಪಡೆದು ಹಳೆಯ ನಿರ್ದೇಶಕ ಮಂಡಳಿಯನ್ನು ತೆಗೆದುಹಾಕಿತು. 11ರಂದು ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್, ಸಿ. ಅಚ್ಯುತನ್ ನೇಮಕಗೊಂಡರು. ಕೆಲವೇ ದಿನಗಳಲ್ಲಿ ತರುಣ್ ದಾಸ್, ಟಿ.ಎನ್. ಮನೋಹರನ್, ಎಸ್. ಬಾಲಕೃಷ್ಣ ಮೈನಾಕ್ ಸೇರಿಕೊಂಡರು. ಸಾಫ್ಟ್‌ವೇರ್ ಉದ್ಯಮ ಬಲ್ಲವರು, ಬ್ಯಾಂಕಿಂಗ್ ಬಲ್ಲವರು, ಕಾನೂನು ಬಲ್ಲವರು, ಲೆಕ್ಕ ಬಲ್ಲವರು ಒಂದೇ ಮೇಜಿನ ಸುತ್ತ ಕುಳಿತರು. ಎದುರಿಗಿದ್ದದ್ದು ಸುಳ್ಳು ಪುಸ್ತಕ, ಬರಿದಾದ ಬೊಕ್ಕಸ, ಗಾಬರಿಗೊಂಡ ನೌಕರರು, ಬಿಟ್ಟುಹೋಗಲು ಒಂದು ಕಾಲು ಹೊರಗಿಟ್ಟ ಗ್ರಾಹಕರು.

ಅವರು ಹಿಡಿದ ಕ್ರಮವನ್ನು ನೋಡಿ. ಮೊದಲು ಹೊಸ ಪರಿಶೋಧಕರನ್ನು ನೇಮಿಸಿ, ನಿಜವಾಗಿ ಎಷ್ಟಿದೆಯೆಂದು ಎಣಿಸತೊಡಗಿದರು. ಜೊತೆಜೊತೆಗೇ ಸಂಬಳಕ್ಕೆ ಹಣ ಹೊಂದಿಸಿದರು. ಇದಕ್ಕೆ ಸರ್ಕಾರದ ಖಜಾನೆಯ ಕಡೆ ಕೈ ಚಾಚಲಿಲ್ಲ. ಗ್ರಾಹಕರಿಂದ ಬರಬೇಕಾದ ಬಾಕಿಯನ್ನು ತರಿಸಿಕೊಂಡರು, ಬ್ಯಾಂಕುಗಳಿಂದ 600 ಕೋಟಿ ಸಾಲ ಪಡೆದರು. ಫೆಬ್ರವರಿ 5ರಂದು ಕಂಪನಿಯಲ್ಲಿಯೇ ದೀರ್ಘಕಾಲ ದುಡಿದಿದ್ದ ಎ.ಎಸ್. ಮೂರ್ತಿಯವರನ್ನು ಮುಖ್ಯ ಕಾರ್ಯನಿರ್ವಾಹಕರನ್ನಾಗಿ ಮಾಡಿದರು. ಒಳಗಿನವರೆಲ್ಲರೂ ಕಳ್ಳರಲ್ಲವೆಂಬ ಮಾತನ್ನು ಆ ಒಂದು ನೇಮಕ ಹೇಳಿತು. ಕೊನೆಗೆ, ಕಂಪನಿಯನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ಗುಟ್ಟಿನಲ್ಲಿ ತೀರ್ಮಾನಿಸದೆ ಬಹಿರಂಗ ಹರಾಜಿಗಿಟ್ಟರು. ಅದರ ಮೇಲುಸ್ತುವಾರಿಗೆ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಸ್.ಪಿ. ಭರೂಚಾ ಅವರನ್ನು ಕೋರಿಕೊಂಡರು. ಏಪ್ರಿಲ್ 13ರಂದು ಷೇರಿಗೆ 58 ರೂಪಾಯಿ ಕೂಗಿದ ಟೆಕ್ ಮಹೀಂದ್ರಾ ಅದನ್ನು ಪಡೆಯಿತು. ಕಾವಲಿಗೆಂದು ಬಂದವರು ಮೂರು ತಿಂಗಳಲ್ಲಿ ಯಜಮಾನನನ್ನು ಹುಡುಕಿ ಒಪ್ಪಿಸಿದರು. ತಾವೇ ಯಜಮಾನರಾಗಲು ಹೋಗಲಿಲ್ಲ. 2013ರಲ್ಲಿ ಸತ್ಯಂ ಆ ಕಂಪನಿಯೊಳಗೆ ವಿಲೀನವಾಯಿತು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಮಲಿಂಗರಾಜು ಸೇರಿ ಹತ್ತು ಮಂದಿಗೆ ಏಳು ವರ್ಷಗಳ ಸೆರೆವಾಸ ವಿಧಿಸಿತು. ಆ ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಸಲಾಯಿತು.

ಸತ್ಯಂನ ನೋವು ನಮ್ಮ ಕಾನೂನಿಗೂ ಬುದ್ಧಿ ಕಲಿಸಿತು. 2013ರ ಕಂಪನಿ ಕಾಯ್ದೆಯಂತೆ ಷೇರುಪೇಟೆಯಲ್ಲಿರುವ ಕಂಪನಿಯ ಮಂಡಳಿಯಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕು. ಅವರು ಐದೈದು ವರ್ಷಗಳ ಎರಡು ಅವಧಿಗಿಂತ ಹೆಚ್ಚು ಕಾಲ ಒಂದೇ ಸಮನೆ ಮುಂದುವರಿಯುವಂತಿಲ್ಲ. ವರ್ಷಕ್ಕೊಮ್ಮೆಯಾದರೂ ಕಂಪನಿ ನಡೆಸುವವರು ಯಾರೂ ಇಲ್ಲದ ಸಭೆಯಲ್ಲಿ ತಾವಷ್ಟೇ ಕುಳಿತು ಮಾತನಾಡಬೇಕು. ಲೆಕ್ಕಪರಿಶೋಧನೆ ಮಾಡುವ ಸಂಸ್ಥೆ ನಿಗದಿತ ಅವಧಿಯ ನಂತರ ಬದಲಾಗಬೇಕು. ಅಕ್ರಮ ಕಂಡ ನೌಕರ ಹೆದರದೆ ತಿಳಿಸಲು ದಾರಿಯಿರಬೇಕು.

ಇನ್ನು ಈ ಮೂರು ಕಥೆಗಳ ತಿರುಳಿಗೆ ಬರೋಣ.

ಕಷ್ಟ ಬಂದ ದಿನ ಮಂಡಳಿಗೆ ಹೊಸ ಕಣ್ಣು ಬರುವುದಿಲ್ಲ. ಒಳ್ಳೆಯ ದಿನಗಳಲ್ಲಿ ಪ್ರಶ್ನೆ ಕೇಳುವ ರೂಢಿ ಇದ್ದವರು ಕೆಟ್ಟ ದಿನದಲ್ಲಿಯೂ ಕೇಳುತ್ತಾರೆ. ಒಳ್ಳೆಯ ದಿನಗಳಲ್ಲಿ ಚಹಾ ಕುಡಿದು ಸಹಿ ಹಾಕಿ ಎದ್ದವರು ಕೆಟ್ಟ ದಿನದಲ್ಲಿ ರಾಜೀನಾಮೆಗೆ ಸಹಿ ಹಾಕುತ್ತಾರೆ. ದೊಡ್ಡ ಹೆಸರು ಕಾವಲಿಗೆ ಸಾಲದು. ಸತ್ಯಂನ ಮಂಡಳಿಯಲ್ಲಿ ವಿದ್ವತ್ತಿಗೇನೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು, ಬ್ಯಾಂಕಿನಿಂದ ನೇರವಾಗಿ ಒಂದು ಕಾಗದ ತರಿಸಿರಿ ಎಂದು ಹೇಳುವ ಒಂದು ದನಿಗೆ. ವೈರ್‌ಕಾರ್ಡ್‌ನಲ್ಲಿ ಅಂಥ ದನಿಯೆತ್ತಿದ ಸದಸ್ಯೆ ಒಂಟಿಯಾಗಿ ಹೊರನಡೆಯಬೇಕಾಯಿತು. ಕಷ್ಟಕಾಲದಲ್ಲಿ ಮಾಡಬೇಕಾದುದಕ್ಕೂ ಒಂದು ಕ್ರಮವಿದೆ. ಯಾರ ಕಾಲದ ಕೆಲಸ ಪರೀಕ್ಷೆಗೆ ಬಂದಿದೆಯೋ ಅವರು ಪರೀಕ್ಷಕರ ಪೀಠದಿಂದ ಇಳಿಯಬೇಕು. ಇರುವ ಸ್ಥಿತಿಯನ್ನು ಎಣಿಸಿ ನಿಜ ಹೇಳಬೇಕು. ದುಡಿಯುವವರ ಕೂಲಿ ನಿಲ್ಲಬಾರದು. ಕೆಲಸ ಮುಗಿದ ಮೇಲೆ ಕಾವಲಿನವರು ಪಕ್ಕಕ್ಕೆ ಸರಿಯಬೇಕು.

ಬಂಧುಗಳೇ, ನಮ್ಮ ಶಾಲೆ ಮದರಾಸು ಪ್ರಾಂತ್ಯದ ಕಾಲ ಕಂಡಿತು, ಆಂಧ್ರ ರಾಜ್ಯ ಕಂಡಿತು, ಆಂಧ್ರಪ್ರದೇಶ ಕಂಡಿತು. ಆಡಳಿತದ ಭಾಷೆ ಬದಲಾದರೂ ಒಳಗಿನ ಕಪ್ಪುಹಲಗೆಯ ಮೇಲೆ ಕನ್ನಡ ಅಳಿಸಲಿಲ್ಲ. ಹಾಗೆಂದು ಇಂದಿನ ಕಾಲ ಸುಲಭದ್ದಲ್ಲ. ಒಂದನೆಯ ತರಗತಿಗೆ ಬರುವ ಮಕ್ಕಳ ಸಾಲು ಚಿಕ್ಕದಾಗುತ್ತಿದೆ. ನಿವೃತ್ತರಾದ ಕನ್ನಡ ಶಿಕ್ಷಕರ ಜಾಗ ತುಂಬುವುದಕ್ಕೆ ಕಾಯಬೇಕಾಗಿದೆ. ಮಗುವನ್ನು ಇಲ್ಲಿಗೆ ಕಳುಹಿಸಬೇಕೇ, ದೂರದ ಇಂಗ್ಲಿಷ್ ಶಾಲೆಯ ಬಸ್ಸಿಗೆ ಹತ್ತಿಸಬೇಕೇ ಎಂಬ ಪ್ರಶ್ನೆ ಪ್ರತಿ ಜೂನ್‌ನಲ್ಲಿಯೂ ಮನೆಮನೆಯಲ್ಲಿ ಏಳುತ್ತದೆ. ಶಾಲೆಗೂ ಇದು ಕಷ್ಟಕಾಲವೇ.

ಈ ಹೊತ್ತಿನಲ್ಲಿ ಶತಮಾನೋತ್ಸವ ನಿಧಿಗೆ ಹಳೆಯ ವಿದ್ಯಾರ್ಥಿಗಳು ಹಣ ಕೊಡುತ್ತಿದ್ದಾರೆ. ಬೆಂಗಳೂರು, ಹೈದರಾಬಾದುಗಳಿಂದ ಬಂದ ದೊಡ್ಡ ಮೊತ್ತವೂ ಇದೆ. ಶೇಂಗಾ ಮಾರಿದ ಹಣದಲ್ಲಿ ಕೈಯೆತ್ತಿ ಕೊಟ್ಟ ಐನೂರು ರೂಪಾಯಿಯೂ ಇದೆ. ಆ ಐನೂರರ ಕಾವಲು ಯಾರದು? ಕೇಳಿದರೆ ನಮ್ಮವರು ಹೇಳುವ ಮಾತು ಗೊತ್ತಿದೆ: "ಎಲ್ಲರೂ ನಮ್ಮವರೇ, ಅನುಮಾನ ಪಡುವುದು ಏಕೆ?" ಈ ಮಾತಿನ ಹಿಂದೆ ಪ್ರೀತಿಯಿದೆ, ಗೌರವವಿದೆ. ಆದರೆ ಲೆಕ್ಕ ಕೇಳುವುದು ಅನುಮಾನವಲ್ಲ. ಪ್ರಾಮಾಣಿಕನಾದ ಕಾರ್ಯದರ್ಶಿಗೆ ನಾಳೆ ಯಾರೋ ಬೀದಿಯಲ್ಲಿ ಹೊರಿಸುವ ಅಪವಾದದಿಂದ ರಕ್ಷಣೆ ಕೊಡುವುದು ಇಂದು ಸಭೆಯಲ್ಲಿ ಒಪ್ಪಿಸಿದ ಲೆಕ್ಕವೇ. ಸಣ್ಣ ಅಂತರವನ್ನು ಮೊದಲ ವರ್ಷದಲ್ಲಿಯೇ ಒಬ್ಬರು ಕೇಳಿದ್ದರೆ, ಹುಲಿಯ ಬೆನ್ನೇರುವ ಪ್ರಸಂಗವೇ ಯಾರಿಗೂ ಬರುತ್ತಿರಲಿಲ್ಲ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನನ್ನದು ನಾಲ್ಕು ವಿನಂತಿಗಳು. ನಿಧಿಯ ಲೆಕ್ಕ ನೋಡಲು ಮೂರು ಮಂದಿಯ ಒಂದು ಸಮಿತಿಯಿರಲಿ. ಅವರಲ್ಲಿ ಒಬ್ಬರು ಪೋಷಕರು, ಒಬ್ಬರು ಶಿಕ್ಷಕರು, ಒಬ್ಬರು ಊರಿನಿಂದ ದೂರವಿದ್ದು ಯಾರ ಮುಲಾಜಿಗೂ ಒಳಗಾಗದ ಹಳೆಯ ವಿದ್ಯಾರ್ಥಿ ಆಗಿರಲಿ. ಈ ಸಮಿತಿ ಬ್ಯಾಂಕಿನ ಪಾಸ್‌ಬುಕ್ಕನ್ನೂ ಠೇವಣಿ ರಸೀದಿಗಳನ್ನೂ ಬ್ಯಾಂಕಿನಲ್ಲಿಯೇ ತಾಳೆ ನೋಡಲಿ, ಯಾರೋ ತಂದು ತೋರಿಸಿದ ಪ್ರತಿಯನ್ನಲ್ಲ. ವರ್ಷಕ್ಕೊಮ್ಮೆ ಮುಖ್ಯೋಪಾಧ್ಯಾಯರೂ ಕಾರ್ಯದರ್ಶಿಯವರೂ ಇಲ್ಲದ ಸಭೆಯಲ್ಲಿ ಇವರು ಕುಳಿತು ಮನಬಿಚ್ಚಿ ಮಾತನಾಡಲಿ. ಆಮೇಲೆ ತಾವು ಕಂಡದ್ದನ್ನು ಸರ್ವಸದಸ್ಯರ ಸಭೆಯಲ್ಲಿ ಓದಲಿ. ಒಂದು ಅವಧಿ ಮುಗಿದ ಮೇಲೆ ಈ ಮೂವರೂ ಬದಲಾಗಲಿ. ಇಷ್ಟಕ್ಕೆ ಖರ್ಚಿಲ್ಲ, ಕಾನೂನಿನ ಅಪ್ಪಣೆ ಬೇಕಿಲ್ಲ, ಮನಸ್ಸು ಬೇಕು.

ಜೊತೆಗೆ ಪೋಷಕರಿಗೂ ನಮಗೂ ಒಂದು ಮಾತು. ಕಾವಲೆಂದರೆ ಕಾಲಿಗೆ ಅಡ್ಡ ಬರುವುದಲ್ಲ. ಪಾಠ ಹೇಗೆ ಮಾಡಬೇಕೆಂದು ದಿನವೂ ಗುರುಗಳಿಗೆ ಹೇಳಹೋಗುವುದು, ನೀರುಗಂಟಿಯ ಗುದ್ದಲಿಯನ್ನು ಕಿತ್ತುಕೊಂಡಂತೆ. ತರಗತಿ ಗುರುಗಳಿಗೆ ಸೇರಿದ್ದು. ಮೂರನೆಯ ತರಗತಿಯ ಮಗು ತಡವರಿಸದೆ ಕನ್ನಡ ಓದುತ್ತಿದೆಯೇ, ಲೆಕ್ಕ ಮಾಡುತ್ತಿದೆಯೇ, ತೆಲುಗನ್ನೂ ಇಂಗ್ಲಿಷನ್ನೂ ಹೆದರಿಕೆಯಿಲ್ಲದೆ ಕಲಿಯುತ್ತಿದೆಯೇ ಎಂದು ನೋಡುವುದು ನಮಗೆ ಸೇರಿದ್ದು. ದಾಖಲಾತಿ ಇಳಿದ ವರ್ಷ ಆ ಸಂಖ್ಯೆಯನ್ನು ಮುಚ್ಚಿಡದೆ ಸಭೆಯಲ್ಲಿ ಹೇಳುವ ಧೈರ್ಯ ಮಂಡಳಿಗಿರಬೇಕು. ಹೇಳಿದವರ ಮೇಲೆ ಹರಿಹಾಯದೆ, ಏನು ಮಾಡೋಣ ಎಂದು ಕೇಳುವ ತಾಳ್ಮೆ ನಮಗಿರಬೇಕು. ನಿಜ ಹೇಳಿದವನಿಗೆ ಬೈಗುಳ ಸಿಗುವ ಕಡೆ ಮುಂದಿನ ವರ್ಷ ಸುಳ್ಳು ಹುಟ್ಟುತ್ತದೆ. ಸತ್ಯಂನಲ್ಲಿ ಅಂಕಿಗಳು ಉಬ್ಬಿದ್ದು, ಕಡಿಮೆ ಲಾಭವನ್ನು ಕಡಿಮೆಯೆಂದು ಹೇಳಲಾಗದ ಅಳುಕಿನಿಂದಲೇ.

ನೂರು ವರ್ಷಗಳ ಹಿಂದೆ ಈ ಶಾಲೆಯನ್ನು ಕಟ್ಟಿದವರು ಕಂಪನಿ ಕಾಯ್ದೆ ಓದಿದವರಲ್ಲ. ತಮ್ಮ ಮಕ್ಕಳು ತಮ್ಮ ಮಾತಿನಲ್ಲಿ ಓದಬೇಕೆಂದು ಜಾಗ ಕೊಟ್ಟರು, ಕಲ್ಲು ಹೊತ್ತರು, ಮಡಿಲ ಕಾಸು ಸುರಿದರು. ಅವರು ನಮಗೆ ಬಿಟ್ಟುಹೋದದ್ದು ಆಸ್ತಿಯಲ್ಲ, ಒಪ್ಪಿಸಿದ ಇಡಗಂಟು. ಇಡಗಂಟನ್ನು ಎಣಿಸಿ ತೆಗೆದುಕೊಳ್ಳಬೇಕು, ಎಣಿಸಿ ಇಡಬೇಕು, ಎಣಿಸಿ ಮುಂದಿನವರಿಗೆ ಕೊಡಬೇಕು. ಇನ್ನೂರನೆಯ ವರ್ಷದ ಸಂಚಿಕೆಯನ್ನು ಬರೆಯುವವರು ನಮ್ಮ ಕಾಲದ ಲೆಕ್ಕದ ಪುಸ್ತಕವನ್ನು ತೆರೆದಾಗ, ಪ್ರತಿ ಪುಟದ ಕೆಳಗೂ ನೋಡಿದವರೊಬ್ಬರ ಸಹಿ ಅವರ ಕಣ್ಣಿಗೆ ಬೀಳಲಿ.